ಪೆಟ್ಟಿಗೆ, ಠಸ್ಸೆ, ಗುಂಡಿ: ನಾವು ಓಟು ಹಾಕಿದ ಬಗೆ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಬೆಂಗಳೂರಿನ ಓಕಳಿಪುರಂನಲ್ಲಿ ನೆಲೆಸಿರುವ ಸದಸ್ಯರ ಪರವಾಗಿ ಮಾಡಿದ ಭಾಷಣ)



 ನಮ್ಮ ತಂದೆಯವರ ಕಾಲದಲ್ಲಿ ಈ ಊರಿನಿಂದ ಹೊರಟ ಕೆಲವು ಮನೆಗಳು ಬಿನ್ನಿ ಮಿಲ್ಲು, ಮಿನರ್ವ ಮಿಲ್ಲು, ರೈಲ್ವೆ ಕೆಲಸ ಅಂತ ಹೋಗಿ ಓಕಳಿಪುರಂನಲ್ಲಿ ನಿಂತವು. ಮಿಲ್ಲುಗಳು ಮುಚ್ಚಿ ಎಷ್ಟೋ ಕಾಲವಾಯಿತು, ನಾವು ಮಾತ್ರ ಅಲ್ಲೇ ಉಳಿದೆವು. ಆದರೂ ಪಹಣಿ ಇಲ್ಲಿದೆ, ಷೇರು ಇಲ್ಲಿದೆ, ಸಾಲವೂ ಇಲ್ಲೇ ಇದೆ. ಆದ್ದರಿಂದ ನಾವು ಅತಿಥಿಗಳಲ್ಲ, ಸದಸ್ಯರು ಎಂದೇ ಭಾವಿಸಿ ನಾಲ್ಕು ಮಾತು ಹೇಳುತ್ತೇವೆ.

ಯಾವ ವಿಷಯ ಅಂತ ಕೇಳಿದಾಗ ಕಾರ್ಯದರ್ಶಿಗಳು, "ಸಂಘದ ಚುನಾವಣೆ ಹತ್ತಿರ ಬರ್ತಾ ಇದೆ, ಓಟಿನ ಬಗ್ಗೆಯೇ ಹೇಳಿಬಿಡಿ" ಅಂದರು. ಯಾರಿಗೆ ಓಟು ಹಾಕಬೇಕು ಅನ್ನೋದು ನಮ್ಮ ಕೆಲಸವಲ್ಲ. ಹೇಗೆ ಹಾಕಿದ್ದೇವೆ, ಹಾಕುವಾಗ ಏನೇನಾಯಿತು ಅನ್ನೋದನ್ನು ಮಾತ್ರ ಹೇಳುತ್ತೇವೆ.

ಮೈಸೂರು ಸಂಸ್ಥಾನದಲ್ಲಿ 1881ರಲ್ಲೇ ಚಾಮರಾಜೇಂದ್ರ ಒಡೆಯರು ಮತ್ತು ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ನಮಗೆ ಹೆಮ್ಮೆಯ ವಿಷಯ. ಆದರೆ ಅದು ಭೂಮಿ ಉಳ್ಳವರ, ವ್ಯಾಪಾರಿಗಳ ಸಭೆ. ಕೂಲಿ ಮಾಡೋರಿಗೆ, ಮಿಲ್ಲಿನಲ್ಲಿ ನೂಲು ತೆಗೆಯೋರಿಗೆ ಅಲ್ಲಿ ಮಾತಿರಲಿಲ್ಲ. ಅವರ ಕೈಗೆ ಚೀಟಿ ಬಂದದ್ದು 1952ರಲ್ಲಿ.

ಆಗಿನ ಓಟು ಈಗಿನ ಹುಡುಗರಿಗೆ ವಿಚಿತ್ರವಾಗಿ ಕಾಣುತ್ತದೆ. ಚೀಟಿಯ ಮೇಲೆ ಏನೂ ಗುರುತು ಹಾಕುವಂತಿಲ್ಲ. ಅಭ್ಯರ್ಥಿಗೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವರವರ ಗುರುತಿನ ಚಿತ್ರ: ಕಾಂಗ್ರೆಸ್ಸಿಗೆ ಜೋಡೆತ್ತು, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಗುಡಿಸಲು, ಸೋಷಲಿಸ್ಟರಿಗೆ ಮರ. ಮರೆಯೊಳಗೆ ಹೋಗಿ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕು. ಅಕ್ಷರ ಬಾರದವರಿಗೆ ಇದಕ್ಕಿಂತ ಸುಲಭ ಇನ್ನೊಂದಿಲ್ಲ. ಪೆಟ್ಟಿಗೆಗೆ ಕೈಮುಗಿದು ಹಿಂದಕ್ಕೆ ಸರಿದವರನ್ನು ಕಂಡದ್ದುಂಟು ಅಂತ ನಮ್ಮ ತಂದೆಯವರು ಹೇಳುತ್ತಿದ್ದರು. ಈ ಪದ್ಧತಿಗೆ ಒಂದು ಲೋಪವೂ ಇತ್ತು. ಮರೆಯಲ್ಲಿ ಚೀಟಿಯನ್ನು ಪೆಟ್ಟಿಗೆಗೆ ಹಾಕದೆ ಮಡಿಲಲ್ಲಿಟ್ಟುಕೊಂಡು ಹೊರಗೆ ಬಂದರೆ ಅದನ್ನು ಮಾರಬಹುದಿತ್ತು. ಕೊಂಡವನು ತನ್ನ ಕಡೆಯವನ ಕೈಲಿ ಅಂಥ ನಾಲ್ಕು ಚೀಟಿ ಕೊಟ್ಟು ಒಂದೇ ಪೆಟ್ಟಿಗೆಗೆ ಹಾಕಿಸಬಹುದಿತ್ತು. ಗುರುತಿಲ್ಲದ ಚೀಟಿ ಗುರುತಿಲ್ಲದ ಹಣದ ಹಾಗೆ, ಯಾರ ಕೈಗೆ ಬಂತೋ ಅವರದ್ದು.

ಆ ಮೊದಲ ಚುನಾವಣೆಯ ಮತದಾರರ ಪಟ್ಟಿಯ ಒಂದು ಸಂಗತಿಯನ್ನು ತಾಯಂದಿರು ಕೇಳಿಸಿಕೊಳ್ಳಬೇಕು. ಪಟ್ಟಿ ಬರೆಯುವವರು ಬಾಗಿಲಿಗೆ ಬಂದಾಗ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಅಂತಲೇ ಬರೆಸಿದರು. ಹೆಸರಿಲ್ಲದ ಓಟು ಓಟಲ್ಲ ಅಂತ ಚುನಾವಣಾ ಆಯೋಗ ಅಂಥವರನ್ನು ಪಟ್ಟಿಯಿಂದ ತೆಗೆಯಿತು. ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರು ಹೀಗೆ ಬಿಟ್ಟುಹೋದರು, ಹೆಚ್ಚಿನವರು ಉತ್ತರದ ಪ್ರಾಂತ್ಯಗಳವರು. ಇದನ್ನು ಯಾಕೆ ಹೇಳಿದೆವು ಅಂದರೆ, ನಮ್ಮ ಸಂಘದ ಷೇರು ರಿಜಿಸ್ಟರಿನಲ್ಲೂ ಗಂಡ ತೀರಿಕೊಂಡು ಹತ್ತು ವರ್ಷವಾದರೂ ಹೆಂಡತಿಯ ಹೆಸರಿಗೆ ಬದಲಾಗದ ಖಾತೆಗಳು ಎಷ್ಟಿವೆ ಅಂತ ಒಂದು ಸಲ ನೋಡಬೇಕು.

1957ರವರೆಗೂ ಪೆಟ್ಟಿಗೆಯ ಪದ್ಧತಿಯೇ ನಡೆಯಿತು. 1962ರ ಹೊತ್ತಿಗೆ ಠಸ್ಸೆ ಬಂತು. ಎಲ್ಲ ಗುರುತುಗಳೂ ಒಂದೇ ಚೀಟಿಯಲ್ಲಿ, ಪೆಟ್ಟಿಗೆಯೂ ಒಂದೇ. ಬಾಣದ ಕೊಡ್ಡಾ ಗುರುತಿನ ರಬ್ಬರ್ ಠಸ್ಸೆ ಒತ್ತಿ, ಮಡಿಸಿ, ಹಾಕಬೇಕು. ಅದೇ 1962ರ ಚುನಾವಣೆಯಿಂದ ನಮ್ಮ ಮೈಸೂರಿನ ಕಾರ್ಖಾನೆಯ ಶಾಯಿ ಬೆರಳಿಗೆ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣಕ್ಕಾಗಿ ಶುರುವಾದ ಕಾರ್ಖಾನೆ ಅದು. ಈಗಿನ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ಇಡೀ ದೇಶದ ಬೆರಳಿಗೆ ಹಚ್ಚುವ ಶಾಯಿ ನಮ್ಮ ಮೈಸೂರಿನದು ಅನ್ನೋದು ಸಣ್ಣ ಮಾತಲ್ಲ.

ಠಸ್ಸೆಯ ಓಟಿನಲ್ಲಿ ಜನ ಸೋತದ್ದು ಮಡಿಸುವುದರಲ್ಲಿ. ಶಾಯಿ ಒಣಗುವ ಮೊದಲೇ ಮಡಿಸಿದರೆ ಆಚೆ ಕಡೆಯ ಗುರುತಿನ ಮೇಲೂ ಅದೇ ಅಚ್ಚು ಕೂರುತ್ತಿತ್ತು. ಆಮೇಲೆ ಎಣಿಸುವ ಮೇಜಿನಲ್ಲಿ ಏಜೆಂಟರ ಜಗಳ: ಯಾವುದು ಒತ್ತಿದ್ದು, ಯಾವುದು ಅಂಟಿದ್ದು? ಕೆಲವರು ಠಸ್ಸೆಯನ್ನು ಎರಡು ಗುರುತಿನ ನಡುವಿನ ಗೆರೆಯ ಮೇಲೇ ಒತ್ತಿ ಬರೋರು. ಇನ್ನು ಕೆಲವರು ಅಭ್ಯಾಸಬಲದಿಂದ ಹೆಬ್ಬೆಟ್ಟು ಒತ್ತಿ ಬರೋರು. ಯಾರ ಓಟು ಅಂತ ಗೊತ್ತಾಗುವ ಗುರುತಿದ್ದರೆ ಅದು ತಿರಸ್ಕೃತ. ಸೊಸೈಟಿ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಬೇಕು, ಓಟಿನ ಕಾಗದಕ್ಕೆ ಬೇಡ. ಪಾಪ, ಅವರಿಗೆ ಹೇಗೆ ಗೊತ್ತಾಗಬೇಕು!

ಬೆಳಗಾವಿಯ ಕಡೆಯವರು ಮತಪತ್ರದ ಮಾತು ಬಂದರೆ ನಗುತ್ತಾರೆ. 1996ರ ಲೋಕಸಭಾ ಚುನಾವಣೆಯಲ್ಲಿ ಗಡಿ ವಿವಾದದ ಕಡೆ ದೇಶದ ಗಮನ ಸೆಳೆಯಬೇಕೆಂದು ಅಲ್ಲಿ ರಾಶಿ ರಾಶಿ ನಾಮಪತ್ರ ಹಾಕಿಸಿ, ಕಣದಲ್ಲಿ 456 ಅಭ್ಯರ್ಥಿಗಳಾದರು. ಅಷ್ಟು ಹೆಸರು, ಅಷ್ಟು ಗುರುತು! ತಮಗೆ ಬೇಕಾದ ಗುರುತನ್ನು ಹುಡುಕುವುದೇ ಒಂದು ಕೆಲಸ. ಅದೇ ವರ್ಷ ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ 1,033 ಮಂದಿ ನಿಂತು ಮತಪತ್ರವನ್ನು ಪುಸ್ತಕದ ಹಾಗೆ ಅಚ್ಚು ಹಾಕಿಸಬೇಕಾಯಿತು. ಆಮೇಲೆ ಠೇವಣಿಯನ್ನು ಲೋಕಸಭೆಗೆ 500ರಿಂದ 10,000 ರೂಪಾಯಿಗೆ, ವಿಧಾನಸಭೆಗೆ 250ರಿಂದ 5,000ಕ್ಕೆ ಏರಿಸಿದರು. ಮುಂದೆ ಅದು 25,000 ಮತ್ತು 10,000 ಆಯಿತು.

ಇನ್ನು ಯಂತ್ರ. ನಮ್ಮ ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ ಮತ್ತು ಹೈದರಾಬಾದಿನ ಇಸಿಐಎಲ್, ಇವೆರಡೇ ದೇಶಕ್ಕೆ ಮತಯಂತ್ರ ಮಾಡಿಕೊಡುವುದು. 1982ರಲ್ಲಿ ಕೇರಳದ ಪರೂರಿನಲ್ಲಿ ಐವತ್ತು ಮತಗಟ್ಟೆಗಳಲ್ಲಿ ಮೊದಲು ಇಟ್ಟರು. ಕಾಯ್ದೆಯಲ್ಲಿ ಯಂತ್ರದ ಮಾತಿಲ್ಲ ಅಂತ 1984ರಲ್ಲಿ ಸುಪ್ರೀಂ ಕೋರ್ಟು ಆ ಚುನಾವಣೆಯನ್ನೇ ಒಪ್ಪಲಿಲ್ಲ. ಕಾಯ್ದೆ ತಿದ್ದಿ, 1998ರಲ್ಲಿ ಮತ್ತೆ ಪ್ರಯೋಗ ಮಾಡಿ, 2004ರ ಲೋಕಸಭಾ ಚುನಾವಣೆಗೆ ದೇಶದ 543 ಕ್ಷೇತ್ರಗಳಲ್ಲೂ ಯಂತ್ರ ಬಂತು. ಆ ಸಲ ನಮ್ಮ ರಾಜ್ಯದಲ್ಲಿ ವಿಧಾನಸಭೆಗೂ ಒಟ್ಟಿಗೇ ಮತದಾನ. ಒಂದು ಗುಂಡಿ ಒತ್ತಿ ಹೊರಟವರನ್ನು, "ಅಮ್ಮಾ, ಇನ್ನೊಂದು ಒತ್ತಬೇಕು, ನಿಲ್ಲಿ" ಅಂತ ಕೂಗಿ ನಿಲ್ಲಿಸಬೇಕಾಗುತ್ತಿತ್ತು.

ನಮ್ಮ ವಠಾರದ ಹಿರಿಯ ಹೆಂಗಸೊಬ್ಬರಿಗೆ ಯಂತ್ರದ ಮೇಲೆ ಬಹಳ ದಿನ ನಂಬಿಕೆ ಬರಲಿಲ್ಲ. "ಚೀಟಿ ಆದ್ರೆ ನಮ್ ಕಣ್ಣೆದುರಿಗೇ ಪೆಟ್ಟಿಗೆಗೆ ಬೀಳ್ತಿತ್ತು. ಇದು ಕುಂಯ್ ಅನ್ನುತ್ತೆ, ಓಟು ಎಲ್ಲಿಗೆ ಹೋಯ್ತು?" ಅನ್ನೋರು. ಓದಿದವರು ನಕ್ಕರು. ಆದರೆ ಅದೇ ಪ್ರಶ್ನೆಯನ್ನು ವಕೀಲರು ಸುಪ್ರೀಂ ಕೋರ್ಟಿನಲ್ಲಿ ಕೇಳಿದ ಮೇಲೆ 2013ರಿಂದ ಚೀಟಿ ತೋರಿಸುವ ಪೆಟ್ಟಿಗೆ ಯಂತ್ರದ ಪಕ್ಕಕ್ಕೆ ಬಂತು. ಅದನ್ನೇ ವಿವಿಪ್ಯಾಟ್ ಅನ್ನೋದು. 2019ಕ್ಕೆ ಎಲ್ಲ ಕಡೆ ಬಂತು. ಗುಂಡಿ ಒತ್ತಿದ ಮೇಲೆ ಗಾಜಿನ ಹಿಂದೆ ಏಳು ಸೆಕೆಂಡು ಚೀಟಿ ಕಾಣುತ್ತದೆ, ಆಮೇಲೆ ಒಳಗೆ ಬೀಳುತ್ತದೆ. ಎಲ್ಲವನ್ನೂ ಮತ್ತೆ ಕಾಗದಕ್ಕೆ ತರಬೇಕೆಂಬ ಅರ್ಜಿಯನ್ನು 2024ರ ಏಪ್ರಿಲ್‌ನಲ್ಲಿ ಕೋರ್ಟು ತಳ್ಳಿಹಾಕಿತು. ಅಜ್ಜಿ ಮಾತ್ರ ಆ ಏಳು ಸೆಕೆಂಡು ನೋಡಿ ಸಮಾಧಾನಪಟ್ಟುಕೊಂಡರು.

ಯಂತ್ರದ ಬಗ್ಗೆ ನಮ್ಮ ತಕರಾರು ಬೇರೆ. ಯಂತ್ರ ಕದಿಯುತ್ತದೆ ಅಂತ ನಾವು ಹೇಳೋದಿಲ್ಲ. ಮತಪತ್ರದ ಕಾಲದಲ್ಲಿ ಹಲವು ಬೂತುಗಳ ಚೀಟಿಗಳನ್ನು ಒಟ್ಟಿಗೆ ಬೆರೆಸಿ ಎಣಿಸುವ ಏರ್ಪಾಟು ಇತ್ತು. ಯಾವ ಬೀದಿಯವರು ಯಾರಿಗೆ ಹಾಕಿದರು ಅನ್ನೋದು ಬೆರೆತುಹೋಗುತ್ತಿತ್ತು. ಯಂತ್ರ ಬಂದ ಮೇಲೆ ಬೂತಿನ ಲೆಕ್ಕ ಬೇರೆಬೇರೆಯಾಗಿ ಸಿಗುತ್ತದೆ. ನಮ್ಮ ಬೂತಿನಲ್ಲಿ ಯಾರಿಗೆ ಎಷ್ಟು ಅನ್ನೋದು ಮಾರನೇ ದಿನ ಟೀ ಅಂಗಡಿಯಲ್ಲಿ ಬಾಯಿಪಾಠ. ಒಬ್ಬೊಬ್ಬರ ಓಟು ಗುಟ್ಟಾಗಿದ್ದರೂ ಬೀದಿಯ ಓಟು ಗುಟ್ಟಾಗಿಲ್ಲ. ನಲ್ಲಿಯಲ್ಲಿ ನೀರು ಬರ್ತಿಲ್ಲ ಅಂತ ಕೇಳಲು ಹೋದರೆ, "ನಿಮ್ ಬೂತಲ್ಲಿ ನಮಗೆ ಎಷ್ಟು ಬಿತ್ತು ಗೊತ್ತು ಬಿಡಿ" ಅನ್ನುವ ಉತ್ತರ ಬಂದರೆ ಬಡವರು ಏನು ಮಾಡಬೇಕು? ಹಲವು ಬೂತುಗಳ ಯಂತ್ರಗಳನ್ನು ಜೋಡಿಸಿ ಒಟ್ಟು ಲೆಕ್ಕ ಮಾತ್ರ ಕೊಡುವ ಟೋಟಲೈಸರ್ ಅನ್ನುವ ಉಪಕರಣಕ್ಕೆ ಚುನಾವಣಾ ಆಯೋಗವೇ 2008ರಲ್ಲಿ ಸಲಹೆ ಮಾಡಿತು. ಕಾನೂನು ಆಯೋಗ 2015ರಲ್ಲಿ ಅದನ್ನು ಬೆಂಬಲಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಕಾಗದವೋ ಯಂತ್ರವೋ ಅಂತ ಟಿವಿಯಲ್ಲಿ ಗಂಟಲು ಹರಿದುಕೊಳ್ಳುವವರು ಈ ಮಾತನ್ನು ಎತ್ತುವುದೇ ಅಪರೂಪ.

ಓದಿದವರ ಓಟಿನ ಕಥೆಯನ್ನೂ ಹೇಳಿಬಿಡೋಣ, ಯಾಕಂದರೆ ಹಳ್ಳಿಯವರಿಗೆ ಓಟು ಹಾಕೋಕೆ ಬರೋದಿಲ್ಲ ಅಂತ ಹೇಳೋರೇ ಹೆಚ್ಚು. ವಿಧಾನ ಪರಿಷತ್ತಿಗೆ ಬೆಂಗಳೂರು ಪದವೀಧರರ ಕ್ಷೇತ್ರವಿದೆ. ಡಿಗ್ರಿ ಆಗಿ ಮೂರು ವರ್ಷ ಆದವರು ಹೆಸರು ಬರೆಸಬೇಕು. ಅಲ್ಲಿ ಠಸ್ಸೆಯೂ ಇಲ್ಲ, ಗುಂಡಿಯೂ ಇಲ್ಲ. ಅಭ್ಯರ್ಥಿಯ ಹೆಸರಿನ ಮುಂದೆ 1, 2, 3 ಅಂತ ಅಂಕಿ ಬರೆಯಬೇಕು, ಅದೂ ಅವರೇ ಕೊಡುವ ನೇರಳೆ ಬಣ್ಣದ ಪೆನ್ನಿನಲ್ಲಿ. ಕನ್ನಡ ಅಂಕಿ ಆದರೂ ಸರಿ. "ಒಂದು" ಅಂತ ಅಕ್ಷರದಲ್ಲಿ ಬರೆದರೆ ಹೋಯಿತು. ರೈಟ್ ಮಾರ್ಕು ಹಾಕಿದರೂ ಹೋಯಿತು. ಸಹಿ ಮಾಡಿದರಂತೂ ಕೇಳೋದೇ ಬೇಡ. ಎಂ.ಎ. ಮಾಡಿದವರು, ವಕೀಲರು, ಸ್ವಂತ ಪೆನ್ನು ತೆಗೆದು ಚೆಂದವಾಗಿ ಟಿಕ್ ಹಾಕಿ ಬಂದು ಮನೆಯಲ್ಲಿ ಹೇಳಿಕೊಂಡಾಗ ಮಕ್ಕಳ ಕೈಲಿ ನಗೆಪಾಟಲಾಗಿದ್ದಾರೆ. ಪ್ರತಿ ಸಲವೂ ಅಲ್ಲಿ ತಿರಸ್ಕೃತ ಮತಗಳ ಕಟ್ಟು ಇದ್ದೇ ಇರುತ್ತದೆ.

ನಿಮ್ಮ ಗ್ರಾಮ ಪಂಚಾಯಿತಿ ಓಟು ಅದಕ್ಕಿಂತ ಕಷ್ಟದ್ದು ಅಂತ ನಮಗನ್ನಿಸುತ್ತದೆ. ಒಂದು ಕ್ಷೇತ್ರಕ್ಕೆ ಮೂರು ಸ್ಥಾನವಿದ್ದರೆ ಮೂರು ಓಟು. ಒಬ್ಬರಿಗೆ ಒಂದೇ. ಪಕ್ಷದ ಗುರುತೂ ಇಲ್ಲ. ಒಂದೇ ಒತ್ತಿ ಬಂದವರು, ನಾಲ್ಕು ಒತ್ತಿ ಕೆಡಿಸಿದವರು ಎರಡೂ ಉಂಟು. 2020ರ ಡಿಸೆಂಬರಿನಲ್ಲಿ ರಾಜ್ಯದ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ದೇವಸ್ಥಾನಕ್ಕೆ ಇಷ್ಟು ಲಕ್ಷ ಕೊಟ್ಟವರು ಅವಿರೋಧ. ಹರಾಜು ಅಪರಾಧ ಅಂತ ರಾಜ್ಯ ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ದೇವರ ಹೆಸರಿನಲ್ಲಿ ಮಾಡಿದ ಮಾತ್ರಕ್ಕೆ ಅದು ಹರಾಜಲ್ಲ ಅನ್ನೋಕಾಗುತ್ತದೆಯೇ? ಆ ಊರಿನ ಬಡವನಿಗೆ ಠಸ್ಸೆ ಹಿಡಿಯುವ ಅವಕಾಶವೇ ಬರಲಿಲ್ಲ.

ನಮ್ಮ ಓಕಳಿಪುರಂ ಕಥೆ ಕೇಳಿ. ವಿಧಾನಸಭೆಗೆ ಗಾಂಧಿನಗರ ಕ್ಷೇತ್ರದಲ್ಲಿ ಓಟು ಹಾಕುತ್ತೇವೆ, ಲೋಕಸಭೆಗೂ ಹಾಕುತ್ತೇವೆ. ಮನೆಯ ಮುಂದಿನ ಚರಂಡಿಗೆ, ಕಸಕ್ಕೆ, ಬೀದಿ ದೀಪಕ್ಕೆ ಹತ್ತಿರದವರು ಅಂದರೆ ಕಾರ್ಪೊರೇಟರು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಕೊನೆಯ ಮತದಾನ ನಡೆದದ್ದು 2015ರ ಆಗಸ್ಟಿನಲ್ಲಿ, 198 ವಾರ್ಡುಗಳಿಗೆ. 2020ರ ಸೆಪ್ಟೆಂಬರಿನಲ್ಲಿ ಆ ಸದಸ್ಯರ ಅವಧಿ ಮುಗಿಯಿತು. ವಾರ್ಡು ವಿಂಗಡಣೆ, ಮೀಸಲಾತಿ, ಕೋರ್ಟು, ಹೊಸ ಕಾಯ್ದೆ ಅಂತ ಐದು ವರ್ಷ ಚುನಾವಣೆಯೇ ಇಲ್ಲದೆ ಆಡಳಿತಾಧಿಕಾರಿಯ ಕೈಯಲ್ಲೇ ಕಳೆಯಿತು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆಗಳಾದವು. ಅದೇ ತಿಂಗಳು ರಾಜ್ಯದ ಸಚಿವ ಸಂಪುಟ, ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತ್ತೆ ಮತಪತ್ರ ಬಳಸಬೇಕೆಂದು ಶಿಫಾರಸು ಮಾಡಿತು. ಕಾಗದ ಒಳ್ಳೆಯದು, ಯಂತ್ರ ಒಳ್ಳೆಯದು ಅಂತ ಊರೆಲ್ಲ ಚರ್ಚೆ. ನಮ್ಮ ಬೀದಿಯವರೊಬ್ಬರು ಹೇಳಿದರು: "ಕಾಗದದಲ್ಲಾದ್ರೂ ಇಡಲಿ, ಕಬ್ಬಿಣದಲ್ಲಾದ್ರೂ ಇಡಲಿ, ಮೊದ್ಲು ಇಡಲಿ."

ಆ ಐದು ವರ್ಷದಲ್ಲಿ ನಮಗೆ ತಿಳಿದದ್ದು ಇಷ್ಟು. ಮಳೆಗಾಲದಲ್ಲಿ ರೈಲ್ವೆ ಕೆಳಸೇತುವೆಯ ಕಡೆಯಿಂದ ನೀರು ನುಗ್ಗಿದಾಗ ಅಧಿಕಾರಿಗಳಿಗೆ ಫೋನು ಮಾಡಿದರೆ ಅವರು ಬರೋದಿಲ್ಲ ಅಂತಲ್ಲ, ಕೆಲವರು ಬಂದಿದ್ದಾರೆ, ಪಾಪ ರಾತ್ರಿ ನಿಂತು ಕೆಲಸ ಮಾಡಿಸಿದ್ದಾರೆ. ಆದರೆ ಅವರಿಗೆ ನಮ್ಮ ಭಯವಿಲ್ಲ, ನಮಗೆ ಅವರ ಮೇಲೆ ಹಕ್ಕಿಲ್ಲ. ಮುಂದಿನ ಸಲ ನಮ್ಮ ಬಾಗಿಲಿಗೆ ಬಂದು ನಿಲ್ಲಬೇಕಾದವರೇ ಇಲ್ಲ.

ಕೈಗೆ ಓಟು ಬಂದಮೇಲೂ ಅದು ದಕ್ಕುತ್ತದೆ ಅಂತ ಹೇಳೋಕಾಗದು. ಮತಗಟ್ಟೆಗೆ ಹೋದರೆ "ನಿಮ್ಮ ಓಟು ಆಗ್ಲೇ ಬಿದ್ದಿದೆ" ಅನ್ನುವ ಅನುಭವ ನಮ್ಮ ಕಡೆ ಹಲವರಿಗೆ ಆಗಿದೆ. ಅವರು ಬೈದುಕೊಂಡು ವಾಪಸು ಬರುತ್ತಾರೆ. ಹಾಗೆ ಬರಬೇಡಿ. ಗುರುತಿನ ಚೀಟಿ ತೋರಿಸಿ ಟೆಂಡರ್ ಮತ ಕೇಳಿ. ಆಗ ಯಂತ್ರವಲ್ಲ, ಕಾಗದದ ಮತಪತ್ರ ಕೊಡುತ್ತಾರೆ, ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಮಾಮೂಲಿ ಎಣಿಕೆಗೆ ಅದು ಸೇರೋದಿಲ್ಲ, ನಿಜ. ಆದರೆ ಕೋರ್ಟಿಗೆ ಹೋದ ದಿನ ಅದೇ ಸಾಕ್ಷಿ. ಒಂದು ಓಟಿನಿಂದ ಏನಾಗುತ್ತೆ ಅನ್ನಬೇಡಿ. 2004ರಲ್ಲಿ ನಮ್ಮ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ಮೇಲೆ ಗೆದ್ದದ್ದು ಒಂದೇ ಓಟಿನಲ್ಲಿ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಅಂತರ 16. ಅಂಚೆ ಮತಗಳನ್ನು ಮತ್ತೆ ಮತ್ತೆ ನೋಡಿ ರಾತ್ರಿ ಫಲಿತಾಂಶ ಹೇಳಬೇಕಾಯಿತು. ಅದೇ 2023ರಲ್ಲಿ ಎಂಬತ್ತು ದಾಟಿದವರಿಗೆ, ಅಂಗವಿಕಲರಿಗೆ ಮನೆಯಲ್ಲೇ ಓಟು ಹಾಕುವ ಅವಕಾಶ ನಮ್ಮ ಕಡೆ ಬಂತು. 2024ರ ಲೋಕಸಭೆಗೆ ಅದನ್ನು ಎಂಬತ್ತೈದಕ್ಕೆ ಏರಿಸಿದರು. ಅಧಿಕಾರಿಗಳು ಮನೆಗೆ ಬಂದು ರಟ್ಟಿನ ಮರೆ ಇಟ್ಟು ಓಟು ಹಾಕಿಸಿಕೊಂಡರು. ಒಳ್ಳೆಯ ಏರ್ಪಾಟು. ಆದರೆ ಮರೆಯ ಪಕ್ಕ ಮಗನೋ ಸೊಸೆಯೋ ನಿಂತು, "ಅದಕ್ಕೇ ಹಾಕಮ್ಮ" ಅನ್ನದಿದ್ದರೆ ಮಾತ್ರ.

ಇನ್ನೊಂದು ಮಾತು ನಮ್ಮಂಥವರಿಗೇ ತಾಗುವುದು. ಪಟ್ಟಣಕ್ಕೆ ಹೋದವರಲ್ಲಿ ಹಲವರ ಹೆಸರು ಊರಲ್ಲೊಂದು, ಬೆಂಗಳೂರಲ್ಲೊಂದು ಇರುತ್ತದೆ. ಪಂಚಾಯಿತಿ ಚುನಾವಣೆ ಬಂದರೆ ಬಸ್ಸು ಮಾಡಿ ಕರೆಸುತ್ತಾರೆ, ಊಟವೂ ಇರುತ್ತದೆ. ಕಾನೂನು ಮಾತ್ರ ಒಂದೇ ಕಡೆ ಅನ್ನುತ್ತದೆ. ನಾವು ಓಕಳಿಪುರಂನಲ್ಲಿ ಇಟ್ಟುಕೊಂಡಿದ್ದೇವೆ, ಇಲ್ಲಿಯದನ್ನು ತೆಗೆಸಿದ್ದೇವೆ. ಅದಕ್ಕೆ ಊರಿನ ಕೆಲವರು ಮುನಿಸಿಕೊಂಡದ್ದೂ ಗೊತ್ತು. ಇಲ್ಲಿ ವಾಸ ಮಾಡುವವರ ಪಂಚಾಯಿತಿಯನ್ನು ಇಲ್ಲಿರುವವರೇ ಆರಿಸಿಕೊಳ್ಳಲಿ. ಸಂಘದ ಮತ ಬೇರೆ, ಅದು ಷೇರಿನಿಂದ ಬಂದ ಹಕ್ಕು.

ಆ ಸಂಘದ ಮತಕ್ಕೇ ಈಗ ಬರುತ್ತೇವೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗಿನಿಂದ ಈ ಚಳವಳಿಯ ಜೀವ ಒಂದೇ ಮಾತಿನಲ್ಲಿದೆ: ನೂರು ಷೇರಿನವನಿಗೂ ಒಂದೇ ಮತ, ಒಂದು ಷೇರಿನವನಿಗೂ ಒಂದೇ ಮತ. ಕಂಪನಿಗಳಲ್ಲಿ ಹಾಗಲ್ಲ, ಅಲ್ಲಿ ದುಡ್ಡು ಓಟು ಹಾಕುತ್ತದೆ. ನಮ್ಮ 1959ರ ಸಹಕಾರ ಕಾಯ್ದೆಯೂ ಒಬ್ಬ ಸದಸ್ಯನಿಗೆ ಒಂದು ಮತ, ಅದನ್ನೂ ಸ್ವತಃ ಬಂದೇ ಹಾಕಬೇಕು ಅನ್ನುತ್ತದೆ.

ಆದರೆ ಈ ಇಪ್ಪತ್ತೈದು ವರ್ಷದಲ್ಲಿ ನಮ್ಮ ಸಂಘದಲ್ಲಿ ಮತಪೆಟ್ಟಿಗೆ ಇಟ್ಟದ್ದು ಒಂದೇ ಸಲ. ಉಳಿದ ಸಲವೆಲ್ಲ ಅವಿರೋಧ. ಅಧ್ಯಕ್ಷರು ಬೇಸರ ಮಾಡಿಕೊಳ್ಳಬಾರದು. ಸಂಘ ಚೆನ್ನಾಗಿ ನಡೆದಿದೆ, ಗೊಬ್ಬರ ಸಕಾಲಕ್ಕೆ ಬಂದಿದೆ, ಲೆಕ್ಕಪತ್ರದಲ್ಲಿ ತಂಟೆ ಇಲ್ಲ. ನಾವು ಯಾರ ಮೇಲೂ ದೂರು ಹೇಳುತ್ತಿಲ್ಲ. ಆದರೆ ಅವಿರೋಧ ಅನ್ನೋದು ಹೇಗಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಹಿಂದಿನ ರಾತ್ರಿ ಅರಳಿಕಟ್ಟೆಯ ಹತ್ತಿರ ನಾಲ್ಕು ಜನ ಕೂತು ಪಟ್ಟಿ ಮಾಡುತ್ತಾರೆ. ಊರಿನ ಒಗ್ಗಟ್ಟು ಕೆಡಬಾರದು ಅಂತ ಉಳಿದವರಿಂದ ನಾಮಪತ್ರ ವಾಪಸು ತೆಗೆಸುತ್ತಾರೆ. ಮಾರನೇ ದಿನ, "ಎಲ್ಲರ ಒಪ್ಪಿಗೆ ತಾನೇ?" ಅಂತ ಕೇಳಿದಾಗ, ಅಂಗಡಿಯಲ್ಲಿ ಸಾಲ ಇರುವವರು, ಅವರ ತೋಟದಲ್ಲಿ ಕೂಲಿಗೆ ಹೋಗುವವರು ಮುಖ ನೋಡಿಕೊಂಡು ತಲೆಯಾಡಿಸುತ್ತಾರೆ. ಆ ತಲೆಯಾಡಿಸುವುದು ಒಪ್ಪಿಗೆಯೋ ಅಂಜಿಕೆಯೋ ಯಾರು ಹೇಳಬೇಕು? ಮರೆಯೊಳಗೆ ಹೋಗಿ ಹಾಕುವ ಓಟು ಹುಟ್ಟಿದ್ದೇ ಈ ಅನುಮಾನಕ್ಕಾಗಿ. ಓಟು ಹಾಕಿದ ಮೇಲೂ ಅದೇ ಪಟ್ಟಿ ಗೆಲ್ಲಬಹುದು. ಗೆಲ್ಲಲಿ, ಸಂತೋಷ. ಆಗ ಅವರ ಬಾಯಿಗೂ ಬಲ ಬರುತ್ತದೆ.

ಚುನಾವಣೆ ಅಂದರೆ ಖರ್ಚು, ಜಗಳ ಅಂತ ಹೇಳುತ್ತಾರೆ. ಖರ್ಚು ಇದೆ. ಜಗಳ ನಾವು ಓಕಳಿಪುರಂನಲ್ಲಿ ಬೇಕಾದಷ್ಟು ನೋಡಿದ್ದೇವೆ, ವಾರದಲ್ಲಿ ತಣ್ಣಗಾಗುತ್ತದೆ. ಓಟೇ ಇಲ್ಲದ ಐದು ವರ್ಷದ ಸಿಟ್ಟು ಮಾತ್ರ ತಣ್ಣಗಾಗಲಿಲ್ಲ.

ಕೊನೆಯದಾಗಿ ಸದಸ್ಯರಿಗೆ ಒಂದು ವಿಚಾರ. ಸಹಕಾರ ಚುನಾವಣೆಗಳನ್ನು ಈಗ ರಾಜ್ಯದ ಸಹಕಾರ ಚುನಾವಣಾ ಪ್ರಾಧಿಕಾರದ ಮೇಲ್ವಿಚಾರಣೆಯಲ್ಲಿ ನಡೆಸುತ್ತಾರೆ. ಸುಸ್ತಿದಾರರಿಗೆ ಮತವಿಲ್ಲ. 2012ರ ನಂತರ ಬಂದ ತಿದ್ದುಪಡಿಗಳಿಂದ ಮಹಾಸಭೆಗೆ ಸರಿಯಾಗಿ ಬಾರದವರ, ಸಂಘದಲ್ಲಿ ವ್ಯವಹಾರವನ್ನೇ ಮಾಡದವರ ಮತಕ್ಕೂ ಕುತ್ತು ಬಂದಿದೆ. ಇದರ ಬಗ್ಗೆ ಎಷ್ಟೋ ಸಂಘಗಳವರು ಹೈಕೋರ್ಟಿಗೆ ಹೋಗಿ, ಮತ ಹಾಕುವ ಆದೇಶ ತಂದು, ಆ ಮತಗಳನ್ನು ಬೇರೆ ಪೆಟ್ಟಿಗೆಯಲ್ಲಿ ಇಡಿಸಿದ್ದೂ ಉಂಟು. ಅಷ್ಟು ದೂರ ಹೋಗೋದು ಬೇಡ. ಈ ವರ್ಷದ ಮಹಾಸಭೆಗೆ ಬಂದು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ಹೆಬ್ಬೆಟ್ಟು ಆದರೂ ಸರಿ. ಕಂತು ಬಾಕಿ ಇದ್ದರೆ ಕಟ್ಟಿ ರಸೀತಿ ಇಟ್ಟುಕೊಳ್ಳಿ. ಮನೆಯಲ್ಲಿ ತೀರಿಕೊಂಡವರ ಷೇರು ಯಾರ ಹೆಸರಿಗೆ ಆಗಬೇಕೋ ಬೇಗ ಮಾಡಿಸಿಕೊಳ್ಳಿ.

ಕಾರ್ಯದರ್ಶಿಗಳಲ್ಲಿ ನಮ್ಮದೊಂದು ವಿನಂತಿ. ಮತದಾರರ ಕರಡು ಪಟ್ಟಿಯನ್ನು ಸಂಘದ ಬಾಗಿಲಿಗೆ ಅಂಟಿಸಿದ ದಿನ ನಮಗೂ ಒಂದು ಕಾಗದ ಹಾಕಿ, ಇಲ್ಲ ಫೋನು ಮಾಡಿಸಿ. ಬೆಳಗಿನ ಬಸ್ಸಿಗೆ ಬಂದು ಹೆಸರು ನೋಡಿಕೊಂಡು, ಸಂಜೆ ವಾಪಸು ಹೋಗುತ್ತೇವೆ.